ಶಿವಮೊಗ್ಗದ ಡೆಬಿಟ್ ಕಾರ್ಡ್, ಜರ್ಮನಿಯ ಆನ್‌ಲೈನ್ ಅಂಗಡಿ: ಮೂರು ವರ್ಷಗಳ ಬಳಕೆಯ ಅನುಭವ

2021ರ ಅಕ್ಟೋಬರ್‌ನಲ್ಲಿ ಸ್ನಾತಕೋತ್ತರ ಓದಿಗೆಂದು ಜರ್ಮನಿಯ ಡ್ರೆಸ್ಡೆನ್‌ಗೆ ಬಂದಿಳಿದಾಗ ನನ್ನ ಬಳಿ ಇದ್ದ ಏಕೈಕ ಕಾರ್ಡ್, ಶಿವಮೊಗ್ಗದ ಶಾಖೆಯೊಂದು ನನ್ನ ಉಳಿತಾಯ ಖಾತೆಗೆ ಕೊಟ್ಟಿದ್ದ ಅಂತರರಾಷ್ಟ್ರೀಯ ಡೆಬಿಟ್ ಕಾರ್ಡ್. ಬ್ಯಾಂಕಿನ ಹೆಸರನ್ನು ಇಲ್ಲಿ ಬರೆಯುತ್ತಿಲ್ಲ. ನಾನು ಕಂಡ ತೊಡಕುಗಳಲ್ಲಿ ಹೆಚ್ಚಿನವು ಆ ಒಂದು ಬ್ಯಾಂಕಿನವಲ್ಲ, ಭಾರತದ ಡೆಬಿಟ್ ಕಾರ್ಡನ್ನು ಹೊರದೇಶದಲ್ಲಿ ಬಳಸುವ ಕ್ರಮದ್ದೇ ಆಗಿವೆ.

ಇಲ್ಲಿಗೆ ಬರುವ ವಿದ್ಯಾರ್ಥಿಯ ಹಣ ಮೊದಲ ದಿನಗಳಲ್ಲಿ ಕೈಗೆ ಸಿಗುವುದಿಲ್ಲ ಎಂಬುದನ್ನು ಊರಿನಲ್ಲಿ ಯಾರೂ ಹೇಳಿರಲಿಲ್ಲ. ವೀಸಾಕ್ಕಾಗಿ ಬ್ಲಾಕ್ಡ್ ಅಕೌಂಟ್ ಎಂಬ, ತಿಂಗಳಿಗೆ ಇಷ್ಟೆಂದೇ ಹಣ ಬಿಡುವ ಖಾತೆಯಲ್ಲಿ ಇಟ್ಟ ಹಣ (ಆ ವರ್ಷ 10,332 ಯೂರೋ, ಅಂದರೆ ತಿಂಗಳಿಗೆ 861) ಇಲ್ಲಿನ ಚಾಲ್ತಿ ಖಾತೆಗೆ ಮಾತ್ರ ಬರುತ್ತದೆ. ನಾನು ಹೋದ ಬ್ಯಾಂಕು ಖಾತೆ ತೆರೆಯಲು ವಿಳಾಸ ನೋಂದಣಿಯ ಕಾಗದ ಕೇಳಿತು. ನೋಂದಣಿಗೆ ಮೊದಲು ಬಾಡಿಗೆಯ ಕೋಣೆ ಬೇಕು. ಈ ಸರಪಳಿ ಮುಗಿಯಲು ಏಳು ವಾರ ಹಿಡಿಯಿತು. ಹಾಸಿಗೆ, ಚಳಿಯ ಜಾಕೆಟ್, ಪಾತ್ರೆ, ರೈಲಿನ ಟಿಕೆಟ್ ಎಲ್ಲವನ್ನೂ ಅಷ್ಟು ದಿನ ಊರಿನ ಕಾರ್ಡಿನಿಂದಲೇ ಕೊಂಡೆ. ಆ ಏಳು ವಾರಗಳ ಮಟ್ಟಿಗೆ ಈ ಕಾರ್ಡಿನ ಋಣ ನನ್ನ ಮೇಲಿದೆ.

ಹೊರಡುವ ಮೊದಲು ಮಾಡಲೇಬೇಕಾದ ಕೆಲಸವೊಂದಿದೆ. 2020ರ ಅಕ್ಟೋಬರ್ 1ರಿಂದ ರಿಸರ್ವ್ ಬ್ಯಾಂಕಿನ ನಿಯಮದಂತೆ ಹೊಸದಾಗಿ ಕೊಡುವ ಕಾರ್ಡುಗಳು ಭಾರತದೊಳಗಿನ ಎಟಿಎಂ ಮತ್ತು ಅಂಗಡಿಯ ಸ್ವೈಪ್ ಯಂತ್ರಗಳಲ್ಲಿ ಮಾತ್ರ ನಡೆಯುತ್ತವೆ. ಆನ್‌ಲೈನ್ ಬಳಕೆಯನ್ನೂ ವಿದೇಶದ ಬಳಕೆಯನ್ನೂ ನಾವೇ ಆ್ಯಪ್‌ನಲ್ಲಿ ತೆರೆದು ದಿನದ ಮಿತಿಯನ್ನು ಗೊತ್ತುಮಾಡಬೇಕು. ಶಾಖೆಯಲ್ಲಿ ಕೇಳಿದಾಗ “ಎಲ್ಲಾ ಕಡೆ ನಡೆಯುತ್ತೆ, ಯೋಚನೆ ಮಾಡಬೇಡಿ” ಎಂದಿದ್ದರು. ಆ್ಯಪ್‌ ತೆರೆದು ನೋಡಿದರೆ ಎರಡೂ ಬಂದ್ ಆಗಿದ್ದವು.

ಇನ್ನು ಖರ್ಚಿನ ವಿಚಾರ. ನನ್ನ ಬ್ಯಾಂಕ್ ವಿದೇಶಿ ಕರೆನ್ಸಿಯ ಪ್ರತಿ ಖರೀದಿಗೂ ಶೇ 3.5ರ ಮಾರ್ಕಪ್ ಹಾಕುತ್ತದೆ, ಆ ಶುಲ್ಕದ ಮೇಲೆ ಶೇ 18ರ ಜಿಎಸ್‌ಟಿ ಬೀಳುತ್ತದೆ. ಎರಡೂ ಕೂಡಿದರೆ ಶೇ 4.13. ಮೊದಲ ತಿಂಗಳು 120 ಯೂರೋ ಬೆಲೆಯ ಜಾಕೆಟ್ ತರಿಸಿದಾಗ ಯೂರೋ ದರ 87 ರೂಪಾಯಿ ಇತ್ತು. ಹೀಗಾಗಿ 10,440 ರೂಪಾಯಿಯ ವಸ್ತುವಿಗೆ ಖಾತೆಯಿಂದ 10,871 ರೂಪಾಯಿ ಹೋಯಿತು. ಅಳತೆ ಸರಿಬರಲಿಲ್ಲ. ಆನ್‌ಲೈನಿನಲ್ಲಿ ಕೊಂಡದ್ದನ್ನು 14 ದಿನಗಳೊಳಗೆ ಕಾರಣ ಹೇಳದೆ ಹಿಂದಿರುಗಿಸುವ ಹಕ್ಕು ಇಲ್ಲಿನ ಗ್ರಾಹಕರಿಗಿದೆ, ಅಂಗಡಿಯವರೂ ಪೂರ್ತಿ 120 ಯೂರೋ ಮರಳಿಸಿದರು. ಆದರೆ ಆ ಹೊತ್ತಿಗೆ ದರ 85ಕ್ಕೆ ಇಳಿದಿತ್ತು, ಮಾರ್ಕಪ್ ಮತ್ತು ತೆರಿಗೆಯಂತೂ ವಾಪಸ್ ಬರಲೇ ಇಲ್ಲ. ಖಾತೆಗೆ ಬಿದ್ದದ್ದು 10,200. ತೊಡದೇ ಇದ್ದ ಜಾಕೆಟ್ಟಿಗೆ 671 ರೂಪಾಯಿ ತೆತ್ತಂತಾಯಿತು. ಅಂದಿನಿಂದ ಹಿಂದಿರುಗಿಸುವ ಸಾಧ್ಯತೆ ಇರುವ ಬಟ್ಟೆ, ಶೂಗಳನ್ನು ಈ ಕಾರ್ಡಿನಲ್ಲಿ ಕೊಳ್ಳುವುದನ್ನು ಬಿಟ್ಟೆ.

ಇದಕ್ಕಿಂತ ನಯವಾದ ಸುಲಿಗೆ ಇನ್ನೊಂದಿದೆ. ಕೆಲವು ತಾಣಗಳು ಕಾರ್ಡ್ ಭಾರತದ್ದೆಂದು ಗುರುತಿಸಿ, “ರೂಪಾಯಿಯಲ್ಲೇ ಪಾವತಿಸುವಿರಾ” ಎಂದು ಕೇಳುತ್ತವೆ. ಪರಿಚಿತ ಕರೆನ್ಸಿ ಕಂಡು ಮನಸ್ಸಿಗೆ ನೆಮ್ಮದಿಯಾಗುವುದು ಸಹಜ. ಆದರೆ ಆ ದರವನ್ನು ಗೊತ್ತುಮಾಡುವವರು ಅಂಗಡಿಯ ಕಡೆಯವರು, ಅವರ ಲಾಭ ಅದರೊಳಗೇ ಸೇರಿರುತ್ತದೆ. ಒಮ್ಮೆ ಒಪ್ಪಿದೆ, ನನ್ನ ಬ್ಯಾಂಕ್ ಅದನ್ನೂ ವಿದೇಶಿ ವ್ಯವಹಾರವೆಂದೇ ಎಣಿಸಿ ತನ್ನ ಶುಲ್ಕವನ್ನು ಬೇರೆ ಹಾಕಿತು. ಯೂರೋದಲ್ಲಿ ಮಾರುವ ಅಂಗಡಿಗೆ ಯೂರೋದಲ್ಲೇ ಕೊಡುವುದು ಲೇಸು.

ಒಟಿಪಿಯ ಗೋಳು ಎಲ್ಲರಿಗೂ ಗೊತ್ತಿರುವುದರಿಂದ ಹೆಚ್ಚು ಹೇಳುವುದಿಲ್ಲ. ಊರಿನ ಸಿಮ್ ರೋಮಿಂಗ್‌ನಲ್ಲಿ ಜೀವಂತವಾಗಿರಬೇಕು, ಅದಕ್ಕೆ ರೀಚಾರ್ಜ್ ತಪ್ಪಬಾರದು. ಒಂದು ಚಳಿಗಾಲದ ರಾತ್ರಿ ಹತ್ತು ಗಂಟೆಗೆ ಮ್ಯೂನಿಕ್‌ಗೆ ಟಿಕೆಟ್ ಕೊಳ್ಳುವಾಗ ರೀಚಾರ್ಜ್ ಅವಧಿ ಮುಗಿದಿದ್ದದ್ದು ತಿಳಿಯಿತು. ಊರಿನಲ್ಲಿ ಆಗ ಬೆಳಗಿನ ಜಾವ ಎರಡೂವರೆ. ಅಪ್ಪನನ್ನು ಎಬ್ಬಿಸಲು ಮನಸ್ಸು ಬರಲಿಲ್ಲ, ಬೆಳಿಗ್ಗೆ ನೋಡಿದರೆ ಟಿಕೆಟ್ ದರ ಏರಿತ್ತು.

ಆದರೆ ನನ್ನನ್ನು ನಿಜವಾಗಿ ಚಿಂತೆಗೆ ಹಚ್ಚಿದ್ದು ಒಟಿಪಿ ಕೇಳದ ತಾಣಗಳು. ಕಾರ್ಡೂ ಅಂಗಡಿಯೂ ಯುರೋಪಿನವೇ ಆಗಿದ್ದರೆ ಎರಡು ಹಂತದ ದೃಢೀಕರಣವನ್ನು ಅಲ್ಲಿನ ಪಾವತಿ ನಿಯಮ ಕಡ್ಡಾಯ ಮಾಡಿದೆ. ಹೊರಗಿನ ಕಾರ್ಡಿಗೆ ಆ ಬಿಗಿ ಇಲ್ಲ. ಹೀಗಾಗಿ ಒಂದೇ ವಾರದಲ್ಲಿ ಒಂದು ಅಂಗಡಿ ಒಟಿಪಿ ಕೇಳಿದರೆ, ಇನ್ನೊಂದು ಕಾರ್ಡಿನ ಸಂಖ್ಯೆ, ಅವಧಿ ಮತ್ತು ಹಿಂಬದಿಯ ಮೂರು ಅಂಕೆಗಳಿಗೇ ತೃಪ್ತವಾಗಿ ಹಣ ಎಳೆದುಕೊಂಡಿತು. ಮೊದಲು ಇದನ್ನು ಅನುಕೂಲವೆಂದೇ ತಿಳಿದಿದ್ದೆ. 2022ರಲ್ಲಿ ನಾನು ಕಂಡುಕೇಳದ ತಾಣವೊಂದರ ಹೆಸರಿನಲ್ಲಿ 9.99 ಯೂರೋ ಕಡಿತವಾದ ದಿನ ಭ್ರಮೆ ಹರಿಯಿತು. ಅಂದೇ ಕಾರ್ಡ್ ಬ್ಲಾಕ್ ಮಾಡಿಸಿ ದೂರು ಕೊಟ್ಟೆ, ಹಣ ಮರಳಿತು. ಬ್ಯಾಂಕಿನದೂ ಗ್ರಾಹಕನದೂ ಅಲ್ಲದ ಲೋಪದಿಂದ ಇಂಥ ಕಡಿತವಾಗಿ, ಗ್ರಾಹಕ ಮೂರು ಕೆಲಸದ ದಿನಗಳೊಳಗೆ ತಿಳಿಸಿದರೆ ನಷ್ಟದ ಹೊಣೆ ಅವನ ಮೇಲಿಲ್ಲವೆಂದು ಆಗ ಜಾರಿಯಲ್ಲಿದ್ದ ರಿಸರ್ವ್ ಬ್ಯಾಂಕಿನ 2017ರ ಸುತ್ತೋಲೆ ಹೇಳುತ್ತಿತ್ತು. ಕ್ರೆಡಿಟ್ ಕಾರ್ಡಿನಲ್ಲಿ ಬಿಲ್ಲಿನ ಮೇಲೆ ತಕರಾರು ನಡೆಯುತ್ತದೆ. ಡೆಬಿಟ್ ಕಾರ್ಡಿನಲ್ಲಿ ಹಣ ಮೊದಲೇ ಹೋಗಿರುತ್ತದೆ, ತಕರಾರು ಆಮೇಲೆ. ಹಾಗಾಗಿ ಈ ಖಾತೆಯಲ್ಲಿ ಆ ವಾರಕ್ಕೆ ಬೇಕಾದಷ್ಟನ್ನೇ ಉಳಿಸಿ, ಖರೀದಿ ಮುಗಿದೊಡನೆ ವಿದೇಶದ ಬಳಕೆಯನ್ನು ಬಂದ್ ಮಾಡುವ ಅಭ್ಯಾಸ ಇಟ್ಟುಕೊಂಡೆ. ಆ್ಯಪ್‌ನ ಆ ಒಂದು ಗುಂಡಿಗಾಗಿ ಬ್ಯಾಂಕಿಗೆ ಪೂರ್ಣ ಅಂಕ ಕೊಡುತ್ತೇನೆ.

ನಡೆಯದ ಕೆಲಸಗಳೂ ಇವೆ. ಜರ್ಮನರಿಗೆ ತಿಂಗಳ ಬಾಬತ್ತುಗಳನ್ನು ಖಾತೆಯಿಂದ ನೇರವಾಗಿ ಎಳೆಸುವ ‘ಲಾಸ್ಟ್‌ಶ್ರಿಫ್ಟ್’ ಪದ್ಧತಿ ಅಚ್ಚುಮೆಚ್ಚು. ಅದಕ್ಕೆ ಐಬಿಎಎನ್ ಎಂಬ ಅಂತರರಾಷ್ಟ್ರೀಯ ಮಾದರಿಯ ಖಾತೆ ಸಂಖ್ಯೆ ಬೇಕು, ಭಾರತದ ಖಾತೆಗಳಿಗೆ ಅದು ಇಲ್ಲ. 2023ರ ಮೇ ತಿಂಗಳಲ್ಲಿ 49 ಯೂರೋ ಬೆಲೆಗೆ ಆರಂಭವಾದ, ದೇಶದಾದ್ಯಂತ ಸ್ಥಳೀಯ ರೈಲು-ಬಸ್ಸುಗಳಲ್ಲಿ ನಡೆಯುವ ಡಾಯ್ಚ್‌ಲಾಂಡ್ ಟಿಕೆಟ್ ತಿಂಗಳ ಚಂದಾ ಆಗಿರುವುದರಿಂದ, ನಾನು ಪ್ರಯತ್ನಿಸಿದ ಕಡೆ ಈ ಕಾರ್ಡ್ ಪ್ರಯೋಜನಕ್ಕೆ ಬರಲಿಲ್ಲ. 2021ರ ಅಕ್ಟೋಬರ್‌ನಲ್ಲಿ ಬಂದ ಇ-ಮ್ಯಾಂಡೇಟ್ ನಿಯಮಗಳ (ಕಾರ್ಡಿನಿಂದ ತಾನಾಗಿ ಆಗುವ ಕಡಿತಕ್ಕೆ ಗ್ರಾಹಕನ ಒಪ್ಪಿಗೆ ಬೇಕೆನ್ನುವ ನಿಯಮಗಳು) ನಂತರ ವಿದೇಶಿ ತಾಣಗಳ ಚಂದಾ ನವೀಕರಣಗಳೂ ಒಂದೊಂದಾಗಿ ನಿಂತುಹೋದವು. ಅಮೆರಿಕದ ಪುಸ್ತಕದ ಅಂಗಡಿಯೊಂದು ಬಿಲ್ಲಿಂಗ್ ವಿಳಾಸಕ್ಕೆ ಐದು ಅಂಕೆಗಳ ಜಿಪ್ ಕೋಡ್ ಕೇಳಿ, ಶಿವಮೊಗ್ಗದ ಆರು ಅಂಕೆಗಳ ಪಿನ್‌ಕೋಡ್ ಕಂಡು ಕೈಚೆಲ್ಲಿತು.

ಕೊನೆಗೆ ಈ ಕಾರ್ಡನ್ನು ಬಿಡಿಸಿದ್ದು ಶುಲ್ಕವಲ್ಲ, ವಿದೇಶಿ ವಿನಿಮಯದ ಫೆಮಾ ಕಾನೂನು. ವಿದೇಶದಲ್ಲಿ ಓದುತ್ತಿರುವ ವಿದ್ಯಾರ್ಥಿಯನ್ನೂ ಅನಿವಾಸಿ ಎಂದೇ ಪರಿಗಣಿಸಬೇಕೆಂದು ರಿಸರ್ವ್ ಬ್ಯಾಂಕ್ 2003ರಲ್ಲೇ ಸ್ಪಷ್ಟಪಡಿಸಿದೆ. ಸಾಮಾನ್ಯ ಉಳಿತಾಯ ಖಾತೆಯನ್ನು, ಅನಿವಾಸಿಗಳು ಭಾರತದೊಳಗಿನ ಹಣ ಇಡುವ ಎನ್‌ಆರ್‌ಒ ಖಾತೆಯಾಗಿ ಬದಲಿಸಿಕೊಳ್ಳಬೇಕಿತ್ತು. ನನಗೆ ಇದು ತಿಳಿದದ್ದು ಓದು ಮುಗಿದು ಕೆಲಸಕ್ಕೆ ಸೇರಿದ ಮೇಲೆ, 2024ರಲ್ಲಿ. ಬದಲಿಸಿದಾಗ ಬಂದ ಹೊಸ ಕಾರ್ಡಿನ ಮೇಲೆ ಭಾರತದೊಳಗೆ ಮಾತ್ರ ಬಳಸಬಹುದೆಂದು ಅಚ್ಚಾಗಿತ್ತು. ಹೊರಗೆ ನಡೆಯುವ ಕಾರ್ಡ್ ಬೇಕಿದ್ದರೆ, ಅನಿವಾಸಿಗಳು ವಿದೇಶದ ಗಳಿಕೆ ಇಡುವ ಎನ್‌ಆರ್‌ಇ ಖಾತೆ ತೆರೆಯಿರಿ ಎಂದರು. ಅಂದರೆ ಇಲ್ಲಿ ಯೂರೋದಲ್ಲಿ ಗಳಿಸಿದ್ದನ್ನು ಊರಿಗೆ ಕಳಿಸಿ, ರೂಪಾಯಿ ಮಾಡಿಸಿ, ಮತ್ತೆ ಶೇ 4.13 ತೆತ್ತು ಯೂರೋದಲ್ಲಿ ಖರ್ಚುಮಾಡಬೇಕು. ತೆರೆಯಲಿಲ್ಲ. ಎನ್‌ಆರ್‌ಒ ಕಾರ್ಡ್ ಈಗ ರಜೆಗೆ ಊರಿಗೆ ಹೋದಾಗ ಗಾಂಧಿ ಬಜಾರಿನ ಅಂಗಡಿಗಳಲ್ಲಿ ಮಾತ್ರ ಹೊರಬರುತ್ತದೆ.