ಮಕ್ಕಳ ನರರೋಗ ಓಪಿಡಿ, ದಾವಣಗೆರೆ: ಡಾಕ್ಟ್ರಿಗೆ 5 ಸ್ಟಾರ್, ಟೋಕನ್ ವ್ಯವಸ್ಥೆಗೆ 2

ಮಗನಿಗೆ ಫಿಟ್ಸ್ ಬರುತ್ತೆ ಅಂತ ಊರಲ್ಲಿರೋ ಒಂದು ಪ್ರೈವೇಟ್ ಮಕ್ಕಳ ಆಸ್ಪತ್ರೇಲಿ ತೋರಿಸ್ತಾ ಇದೀವಿ, ಬೆಂಗಳೂರಿಂದ ಮಕ್ಕಳ ನರರೋಗ ತಜ್ಞರು ತಿಂಗಳಿಗೊಂದ್ಸಲ ಬರ್ತಾರೆ. ಡಾಕ್ಟ್ರು ತುಂಬಾ ಒಳ್ಳೇರು ಕಣ್ರೀ, ಅವಸರ ಮಾಡಲ್ಲ, ಮೊಬೈಲಲ್ಲಿ ತೆಗೆದಿದ್ದ ವಿಡಿಯೋ ಪೂರ್ತಿ ನೋಡಿದ್ರು, ಆಮೇಲೆ ನಮ್ಮತ್ತೇನೂ ಕೂರಿಸ್ಕೊಂಡು ಫಿಟ್ಸ್ ಬಂದಾಗ ಕೈಗೆ ಕಬ್ಬಿಣ ಕೊಡೋದು ಬಾಯಿಗೆ ಚಮಚ ತುರುಕೋದು ಮಾಡ್ಬೇಡಿ, ಮಗ್ಗುಲಿಗೆ ಮಲಗಿಸಿ, 5 ನಿಮಿಷ ದಾಟಿದ್ರೆ ತಕ್ಷಣ ಆಸ್ಪತ್ರೆಗೆ ಬನ್ನಿ, ನಿಂತಿದೆ ಅಂತ ನೀವೇ ಮಾತ್ರೆ ಬಿಡ್ಬೇಡಿ ಅಂತ ಹೇಳಿದ್ರು.

ಬೇಜಾರು ಇರೋದು ಟೋಕನ್ ವಿಷ್ಯದಲ್ಲಿ. ವಾಟ್ಸಾಪಲ್ಲಿ ಬುಕಿಂಗ್, ದುಡ್ಡು ಮೊದಲೇ ಫೋನ್‌ಪೇ. ನಮಗೇನೋ ಆಗುತ್ತೆ, ಆದ್ರೆ ಜಗಳೂರು ಕಡೆಯಿಂದ ಒಬ್ಬ ತಾಯಿ ಬೆಳಿಗ್ಗೆ ಮೊದಲ ಬಸ್ಸಿಗೇ ಬಂದಿದ್ರು, ಬುಕಿಂಗ್ ಇಲ್ಲ ಅಂತ ಕೊನೇಗೆ ಕೂರಿಸಿದ್ರು, ನಮ್ಮದು ಮುಗಿದು ಹೊರಟ್ರೂ ಅವರ ಸರದಿ ಬಂದಿರ್ಲಿಲ್ಲ. ಅವತ್ತಿನ ಕೂಲಿ ಹೋಯ್ತು, ಪ್ರೈವೇಟ್ ಬಸ್ಸಲ್ಲಿ ಬಂದಿದ್ರೆ ಶಕ್ತಿ ಟಿಕೆಟ್ಟೂ ಇಲ್ಲ, ಫೀಸು, ಇಇಜಿ ಅಂತ ಮಾಡೋ ಮಿದುಳಿನ ಪರೀಕ್ಷೆ, ತಿಂಗಳ ಮಾತ್ರೆ ಎಲ್ಲಾ ಕೈಯಿಂದಾನೇ. ಆಯುಷ್ಮಾನ್ ಕಾರ್ಡ್ ಐತಲ್ಲ ಅಂತ ಅವರು ಕೌಂಟರಲ್ಲಿ ಕೇಳಿದ್ರು. ಬಿಪಿಎಲ್ ಮನೆಗೆ ವರ್ಷಕ್ಕೆ 5 ಲಕ್ಷ ಇರೋದು ಅಡ್ಮಿಟ್ ಆಗೋ ಚಿಕಿತ್ಸೆಗೆ, ತೋರಿಸ್ಕೊಂಡು ಹೋಗೋ ಓಪಿಡಿಗೆ ಅದು ನಡೆಯಲ್ಲ. ಫಿಟ್ಸ್‌ಗೆ ವರ್ಷಗಟ್ಲೆ ಬೇಕಾಗಿರೋದೇ ಓಪಿಡಿ! ದುಡ್ಡಿಲ್ಲ ಅಂತ ಮಾತ್ರೆ ನಿಲ್ಸಿದ್ರೆ ಮತ್ತೆ ಜೋರಾಗಿ ಬಂದು ಐಸಿಯುಗೆ ಹಾಕೋ ಹಂಗಾಗುತ್ತೆ, ಆವಾಗ ಕಾರ್ಡ್ ನಡೆಯುತ್ತೆ. ಇದ್ಯಾವ ನ್ಯಾಯ.

ತಾಲ್ಲೂಕಿಂದ ಬರೋರು ಒಂದ್ ಮಾತು ಕೇಳಿ, ಮೊದಲು ಅಂಗನವಾಡಿ ಟೀಚರ್‌ಗೋ ಆಶಾ ಅಕ್ಕಂಗೋ ಹೇಳಿ ಆರ್‌ಬಿಎಸ್‌ಕೆ ತಂಡಕ್ಕೆ, ಅಂದ್ರೆ ಮಕ್ಕಳ ಆರೋಗ್ಯ ತಪಾಸಣೆ ಮಾಡೋ ಸರ್ಕಾರಿ ತಂಡಕ್ಕೆ, ಮಗು ತೋರಿಸಿ. 2013ರಿಂದ ಐತೆ ಈ ಯೋಜನೆ, 18 ವರ್ಷದವರೆಗೆ, ಅಂಗನವಾಡಿಗೆ ವರ್ಷಕ್ಕೆ 2 ಸಲ ಶಾಲೆಗೆ 1 ಸಲ ಬರಬೇಕು ಅಂತ ನಿಯಮ. ಫಿಟ್ಸ್, ಹೃದಯದ ತೂತು, ಸೀಳು ತುಟಿ, ಕಿವಿ ಕೇಳದಿರೋದು, ಮಾತು ತಡ ಆಗೋದು ಎಲ್ಲಾ ಅವರ ಪಟ್ಟೀಲಿದೆ, ದೊಡ್ಡಾಸ್ಪತ್ರೆಗೆ ಬರೆದುಕೊಡ್ತಾರೆ, ಆ ಚಿಕಿತ್ಸೆಗೆ ನಾವು ದುಡ್ಡು ಕೊಡಂಗಿಲ್ಲ. ಆ ಚೀಟಿ, ಹಳೇ ರಿಪೋರ್ಟು ಜೋಪಾನವಾಗಿ ಇಟ್ಕೊಳ್ಳಿ.

ಆಸ್ಪತ್ರೆಯವರಿಗೆ ನನ್ನ ಕೋರಿಕೆ, ಬೆಳಗಿನ ಮೊದಲ ಒಂದಷ್ಟು ಟೋಕನ್ ಹಳ್ಳಿಯಿಂದ ನೇರವಾಗಿ ಬರೋರಿಗೆ ಇಡಿ. ಊರಲ್ಲೇ ಇರೋ ನಾವು ಸಾಯಂಕಾಲ ಬರ್ತೀವಿ, ಅವರು ಮಧ್ಯಾಹ್ನದ ಬಸ್ಸಿಗಾದ್ರೂ ವಾಪಸ್ ಹೋಗ್ಲಿ.