ಲಿಚೆಸ್ 'ಸ್ಟಡಿ'ಯಲ್ಲಿ ಮ್ಯಾನುಯೆಲ್ ಆರನ್ ಆಟಗಳು

ಒಂದು ತಿಂಗಳಿಂದ ಲಿಚೆಸ್ ಅನ್ನೋ ಚೆಸ್ ವೆಬ್‌ಸೈಟಿನ 'ಸ್ಟಡಿ' (ಆಟಗಳನ್ನು ಜೋಡಿಸಿಟ್ಟು ಅಭ್ಯಾಸ ಮಾಡುವ ವಿಭಾಗ) ಬಳಸುತ್ತಿದ್ದೇನೆ. ಆಡೋಕಲ್ಲ, ಮ್ಯಾನುಯೆಲ್ ಆರನ್ ಅವರ ಹಳೆಯ ಆಟಗಳನ್ನು ಒಂದೊಂದಾಗಿ ನೋಡೋಕೆ. 1959ರಿಂದ 1981ರ ನಡುವೆ ಒಂಬತ್ತು ಸಲ ರಾಷ್ಟ್ರೀಯ ಚಾಂಪಿಯನ್, 1961ರಲ್ಲಿ ಭಾರತದ ಮೊದಲ ಇಂಟರ್‌ನ್ಯಾಷನಲ್ ಮಾಸ್ಟರ್ (ಗ್ರಾಂಡ್‌ಮಾಸ್ಟರ್‌ಗಿಂತ ಒಂದು ಮೆಟ್ಟಿಲು ಕೆಳಗಿನ ಬಿರುದು). ನಮಗೆ ಚೆಸ್ ಅಂದ್ರೆ ಆನಂದ್‌ರಿಂದಲೇ ಶುರು, ಅಲ್ವಾ? ಆನಂದ್ ಹುಟ್ಟುವ ಹೊತ್ತಿಗೆ ಇವರು ಮೊದಲ ಸಲ ಚಾಂಪಿಯನ್ ಆಗಿ ಹತ್ತು ವರ್ಷ ಆಗಿತ್ತು.

ಕೆಲಸ ಸುಲಭ. ಆಟದ ಪಿಜಿಎನ್ (ನಡೆಗಳನ್ನೆಲ್ಲ ಬರೆದಿಟ್ಟ ಪಠ್ಯ) ತಂದು ಅಂಟಿಸಿದರೆ ಅದೊಂದು ಅಧ್ಯಾಯ ಆಗುತ್ತದೆ. ಒಂದು ಸ್ಟಡಿಯಲ್ಲಿ 64 ಅಧ್ಯಾಯ ಹಿಡಿಸುತ್ತವೆ, ಬೋರ್ಡಿನಲ್ಲಿ ಮನೆಗಳಿದ್ದಷ್ಟೇ. ಪಿಜಿಎನ್ ಮಾತ್ರ ನಾವೇ ಹುಡುಕಿಕೊಳ್ಳಬೇಕು, ಅಷ್ಟು ತಾಳ್ಮೆ ಇಲ್ಲದವರಿಗೆ ಇದು ಬೇಡ.

ನನಗೆ ಜಾಸ್ತಿ ಹಿಡಿಸಿದ್ದು ಮುಂದಿನ ನಡೆಗಳನ್ನು ಮುಚ್ಚಿಡುವ ಸೌಲಭ್ಯ. 1962ರ ಸ್ಟಾಕ್‌ಹೋಮ್ ಇಂಟರ್‌ಜೋನಲ್ (ವಿಶ್ವ ಚಾಂಪಿಯನ್‌ಶಿಪ್‌ನ ಅರ್ಹತಾ ಟೂರ್ನಿ) ತಗೊಳ್ಳಿ. ಮುಂದೆ ವಿಶ್ವ ಚಾಂಪಿಯನ್ ಆದ ಬಾಬಿ ಫಿಷರ್ ಗೆದ್ದ ಟೂರ್ನಿ, 23 ಜನರಲ್ಲಿ ಆರನ್ ಕೊನೆಯವರು. ಅಂಕಪಟ್ಟಿ ನೋಡಿದವರು ಅಲ್ಲಿಗೇ ಬಿಟ್ಟುಬಿಡುತ್ತಾರೆ. ಆದರೆ ಅದೇ ಟೂರ್ನಿಯಲ್ಲಿ ಅವರು ಆ ಕಾಲದ ಬಲಿಷ್ಠ ಗ್ರಾಂಡ್‌ಮಾಸ್ಟರ್‌ಗಳಾದ ಪೋರ್ಟಿಷ್‌ರನ್ನೂ ಊಲ್ಮನ್‌ರನ್ನೂ ಸೋಲಿಸಿದ್ದಾರೆ! ಪೋರ್ಟಿಷ್ ಆಟ ಹಾಕಿಕೊಂಡು, ಎಂಜಿನ್ (ನಡೆಗಳನ್ನು ಲೆಕ್ಕ ಹಾಕಿ ಹೇಳುವ ಕಂಪ್ಯೂಟರ್ ಪ್ರೋಗ್ರಾಂ) ಆಫ್ ಮಾಡಿ, ಮುಂದಿನ ನಡೆ ಮುಚ್ಚಿ ಕೂತೆ. ನಾನು ಕುದುರೆ ಎತ್ತಿದರೆ ಅವರು ಸುಮ್ನೆ ಒಂದು ಕಾಲಾಳು ತಳ್ಳಿರುತ್ತಾರೆ. ಇದ್ಯಾಕೆ ಅಂತ ಐದು ನಿಮಿಷ ತಲೆ ಕೆರೆದುಕೊಂಡು, ಆಮೇಲೆ ಎಂಜಿನ್ ಹಾಕಿ ನೋಡಿದರೆ ನನ್ನ ಕುದುರೆಗೆ ಹೋಗೋಕೆ ಜಾಗವೇ ಇಲ್ಲ.

ಎಂಜಿನ್ ಮೊದಲೇ ಆನ್ ಇಟ್ಟುಕೊಂಡರೆ ಮಜಾ ಹೋಯಿತು. ಯಾರ ಆಟ ಮೇಲು ಅಂತ ತೋರಿಸುವ ಪಕ್ಕದ ಪಟ್ಟಿ ಏರುತ್ತೆ, ಇಳಿಯುತ್ತೆ, ಅಂಥ ಚಾಂಪಿಯನ್ ನಡೆಗೂ 'ಅಯ್ಯೋ, ಇದು ತಪ್ಪಲ್ವಾ' ಅನ್ನುವ ಸೊಕ್ಕು ನಮಗೆ ಬಂದುಬಿಡುತ್ತೆ. ಅವರ ಕೈಯಲ್ಲಿ ಆಗ ಏನಿತ್ತು? ಕಂಪ್ಯೂಟರ್ ಇಲ್ಲ, ದೇಶದಲ್ಲಿ ಇನ್ನೊಬ್ಬ ಇಂಟರ್‌ನ್ಯಾಷನಲ್ ಮಾಸ್ಟರ್ ಕೂಡ ಇರಲಿಲ್ಲ.

ಫೋನಿನಲ್ಲಿ ಸ್ಟಡಿ ತೆರೆದರೆ ಬೋರ್ಡು, ನಡೆಗಳು, ಟಿಪ್ಪಣಿ ಎಲ್ಲಾ ಇಕ್ಕಟ್ಟು. ಲ್ಯಾಪ್‌ಟಾಪ್ ವಾಸಿ.

ಎಲ್ಲವೂ ಉಚಿತ, ಜಾಹೀರಾತೂ ಇಲ್ಲ. ಹಿಂದೆ ಬಳಸುತ್ತಿದ್ದ ಇನ್ನೊಂದು ಆಪ್ ಎರಡನೇ ಆಟಕ್ಕೇ ದುಡ್ಡು ಕೇಳುತ್ತಿತ್ತು. ಇಲ್ಲಿ ದೇಣಿಗೆ ಕೊಟ್ಟರೂ ಸಿಗೋದು ಹೆಸರಿನ ಪಕ್ಕ ಒಂದು ರೆಕ್ಕೆಯ ಚಿತ್ರ, ಅಷ್ಟೇ. ಈ ತಿಂಗಳು ನಾನೂ ಕೊಟ್ಟೆ. ರೆಕ್ಕೆ ಬಂದಿದೆ, ರೇಟಿಂಗ್ ಮಾತ್ರ ಇದ್ದಲ್ಲೇ ಇದೆ.