ಭಾನುವಾರದ ಉದ್ದ ಓಟಕ್ಕೆ ಮೂರು ಪೋಲ್ಡರ್ ದಾರಿಗಳು: ರೊಂಡೆ ಹೂಪ್, ಬೇಮ್‌ಸ್ಟರ್, ವಾಟರ್‌ಲ್ಯಾಂಡ್

ಹಾಲೆಂಡಿನ ಹಳ್ಳಿಗಾಡಿನಲ್ಲಿ ಓಡಲು ಟ್ರೇಲ್ ಶೂ ಬೇಕಾಗಿಲ್ಲ ಎಂದು ಯಾರಾದರೂ ಮೊದಲೇ ಹೇಳಿದ್ದರೆ ನನ್ನ 140 ಯೂರೊ ಉಳಿಯುತ್ತಿತ್ತು. ಹಳ್ಳಿಯ ದಾರಿಯೆಂದರೆ ಕೆಸರು, ಕಲ್ಲು, ಹುಲ್ಲಿನ ಕಾಲುಹಾದಿ ಎಂಬ ನಮ್ಮ ಕಡೆಯ ಕಲ್ಪನೆಯನ್ನೇ ಇಟ್ಟುಕೊಂಡು, ಅರ್ಧ ಮ್ಯಾರಥಾನಿಗೆ ಹೆಸರು ಕೊಟ್ಟ ವಾರವೇ, ಅಡಿಯಲ್ಲಿ ದಪ್ಪ ಹಲ್ಲುಗಳಿರುವ ಜೋಡೊಂದನ್ನು ಕೊಂಡೆ. ಆಮೇಲೆ ಎಂಟು ತಿಂಗಳು ಭಾನುವಾರದ ಉದ್ದ ಓಟಕ್ಕೆಂದು ಮೂರು ದಾರಿಗಳನ್ನು ಓಡಿ ನೋಡಿದೆ. ಮೂರೂ ಡಾಂಬರು, ಊರೊಳಗೆ ಹೊಕ್ಕರೆ ಇಟ್ಟಿಗೆ ಹಾಸು. ಒದ್ದೆ ಇಟ್ಟಿಗೆಯ ಮೇಲೆ ಆ ಹಲ್ಲುಗಳು ಹಿಡಿದದ್ದಕ್ಕಿಂತ ಜಾರಿದ್ದೇ ಹೆಚ್ಚು. ಶೂ ಈಗ ಬಾಗಿಲ ಮೂಲೆಯಲ್ಲಿದೆ, ಹಳೆಯ ಜೋಡು ನನ್ನ ಕಾಲಲ್ಲಿದೆ.

ಮೂರರಲ್ಲಿ ನನ್ನ ದಾರಿ ಯಾವುದೆಂಬುದನ್ನು ಕೊನೆಯವರೆಗೆ ಬಚ್ಚಿಡುವ ಉದ್ದೇಶ ನನಗಿಲ್ಲ. ಆಮ್‌ಸ್ಟರ್‌ಡ್ಯಾಮಿನ ಹತ್ತಿರದ ಔಡರ್‌ಕೆರ್ಕ್ ಊರಿನ ದಕ್ಷಿಣಕ್ಕಿರುವ ರೊಂಡೆ ಹೂಪ್ ಪೋಲ್ಡರನ್ನು, ಅಂದರೆ ಸುತ್ತ ಏರಿ ಕಟ್ಟಿ ನೀರು ಬಸಿದ ತಗ್ಗು ನೆಲವನ್ನು, ಸುತ್ತಿ ಬರುವ ಸುಮಾರು 17 ಕಿಲೋಮೀಟರಿನ ಏರಿಯ ದಾರಿಯೇ ಅದು. ಏರಿ ಎಂಬ ಪದವನ್ನು ಬೇಕೆಂದೇ ಬಳಸುತ್ತಿದ್ದೇನೆ. ಮೈಸೂರಿನಲ್ಲಿ ಕುಕ್ಕರಹಳ್ಳಿ ಕೆರೆಯ ಏರಿಯ ಮೇಲೆ ಓಡಿ ಅಭ್ಯಾಸವಾದ ನನಗೆ ಇಲ್ಲಿನ ಡೈಕ್ ಹೊಸದೆನ್ನಿಸಲೇ ಇಲ್ಲ. ಬಲಕ್ಕೆ ಕಾಲಿನ ಮಟ್ಟಕ್ಕೇ ತುಂಬಿ ನಿಂತ ನದಿ. ಎಡಕ್ಕೆ ಕೆರೆಯ ಕೆಳಗಿನ ಗದ್ದೆಯ ಹಾಗೆ ತಗ್ಗಿನಲ್ಲಿ ಹರಡಿದ ಹುಲ್ಲುಗಾವಲು. ವ್ಯತ್ಯಾಸವೇನೆಂದರೆ, ನಮ್ಮಲ್ಲಿ ನೀರನ್ನು ಕಟ್ಟಿ ಎತ್ತರಿಸುತ್ತಾರೆ, ಇಲ್ಲಿ ನೆಲವೇ ಇಳಿದುಹೋಗಿದೆ. ಜೌಗು ಮಣ್ಣಿನ ನೀರನ್ನು ಶತಮಾನಗಳಿಂದ ಕಾಲುವೆಗಳಿಗೆ ಬಸಿಯುತ್ತ ಬಂದದ್ದರಿಂದ ಮಣ್ಣು ಒಣಗಿ ಕುಗ್ಗಿ, ಹೊಲ ನದಿಗಿಂತ ಕೆಳಗೆ ಬಿದ್ದಿದೆ. ಮೊದಲ ಸಲ ಓಡುವಾಗ, ಕೆಳಗಿನ ಹುಲ್ಲಿನಲ್ಲಿ ಮಲಗಿದ್ದ ಹಸುವಿನ ಬೆನ್ನಿಗಿಂತ ಎತ್ತರದಲ್ಲಿ ಈ ಬದಿಯಲ್ಲಿ ದೋಣಿಯೊಂದು ಸಾಗುತ್ತಿದ್ದುದನ್ನು ನೋಡಿ ನಾನು ವಾಚು ನಿಲ್ಲಿಸಿ ನಿಂತುಬಿಟ್ಟೆ.

ಈ ದಾರಿಗೆ ಒಂದು ತೊಡಕಿದೆ, ಅದನ್ನು ಸ್ವಲ್ಪ ವಿವರವಾಗಿಯೇ ಹೇಳಬೇಕು. ಪೋಲ್ಡರಿನ ಸುತ್ತ ಮಾತ್ರ ರಸ್ತೆಯಿದೆ. ನಡುವೆ ಮನೆಯಿಲ್ಲ, ಅಡ್ಡ ಹಾಯುವ ರಸ್ತೆಯೂ ಇಲ್ಲ. ಒಳಭಾಗವನ್ನು ಹುಲ್ಲುಗಾವಲಿನ ಹಕ್ಕಿಗಳಿಗೆ ಬಿಟ್ಟುಕೊಟ್ಟಿದ್ದಾರೆ. ಡಚ್ಚರು ಗ್ರುಟ್ಟೊ ಎಂದು ಕರೆಯುವ, ಉದ್ದ ಕೊಕ್ಕಿನ, ತನ್ನ ಹೆಸರನ್ನು ತಾನೇ ಕೂಗಿಕೊಳ್ಳುವ ಹಕ್ಕಿ ವಸಂತದಲ್ಲಿ ಅಲ್ಲಿ ಮರಿ ಮಾಡುತ್ತದೆ. ಆದ್ದರಿಂದ ಔಡರ್‌ಕೆರ್ಕ್ ಬಿಟ್ಟು ಏಳೆಂಟು ಕಿಲೋಮೀಟರು ಬಂದ ಮೇಲೆ ಏನೇ ಆಗಲಿ, ಮುಂದೆ ಹೋದರೂ ಅಷ್ಟೇ ದೂರ, ಹಿಂದೆ ಬಂದರೂ ಅಷ್ಟೇ ದೂರ.

ಕಳೆದ ಮಾರ್ಚಿನಲ್ಲಿ ಇದು ನನಗೆ ಚೆನ್ನಾಗಿ ಅರ್ಥವಾಯಿತು. ದಕ್ಷಿಣದ ತುದಿ ದಾಟಿ, ವಾವರ್ ನದಿಯ ದಂಡೆಯಲ್ಲಿ, ವಾಚು 9.4 ತೋರಿಸುತ್ತಿದ್ದಾಗ ಎಡ ಮೀನಖಂಡ ಹಿಡಿದುಕೊಂಡಿತು. ಕಂಬಕ್ಕೆ ಕೈ ಕೊಟ್ಟು ನಿಂತು ನೋಡಿದರೆ, ಬಯಲಿನಾಚೆ ಔಡರ್‌ಕೆರ್ಕ್‌ನ ಚರ್ಚಿನ ಗೋಪುರ ಎದುರಿಗೇ ಕಾಣುತ್ತಿದೆ. ನಾನು ಸೈಕಲ್ಲಿಗೆ ಬೀಗ ಹಾಕಿ ಬಂದ ಜಾಗ ಅದರ ಬುಡದಲ್ಲೇ ಇದೆ. ಸಪಾಟು ನೆಲದ ಮೋಸವೇ ಇದು: ಮರೆ ಮಾಡಲು ಒಂದು ದಿಬ್ಬವೂ ಇಲ್ಲದಿರುವಾಗ ದೂರವೆಲ್ಲ ಹತ್ತಿರವಾಗಿ ಕಾಣುತ್ತದೆ. ನಡುವೆ ಒಂದರ ಹಿಂದೊಂದು ನೀರು ತುಂಬಿದ ಕಾಲುವೆಗಳಿವೆ, ಒಂದೂ ನೆಗೆಯುವಷ್ಟು ಕಿರಿದಾಗಿಲ್ಲ. ಬಸ್ಸಿಲ್ಲ, ಅಂಗಡಿಯಿಲ್ಲ, ಬೆವರಿದ ಮೈಗೆ ಗಾಳಿ ಹೊಡೆಯುತ್ತಿದೆ, ತೊಟ್ಟಿರುವುದು ತೆಳು ಅಂಗಿ.

ಉಳಿದ ದೂರವನ್ನೆಲ್ಲ ಕುಂಟುತ್ತ ನಡೆದೆ. ದಾರಿಯಲ್ಲಿ ತೋಟದ ಮನೆಯೊಂದರ ಗೇಟಿನ ಪಕ್ಕ ಮರದ ಪುಟ್ಟ ಗೂಡಿತ್ತು. ಅದರಲ್ಲಿ ಹತ್ತು ಹತ್ತು ಮೊಟ್ಟೆಯ ರಟ್ಟಿನ ಪೆಟ್ಟಿಗೆಗಳು, ಬದಿಯಲ್ಲಿ ಮುಚ್ಚಳ ಕೊರೆದ ಹಣದ ಡಬ್ಬಿ. ಕಾಯುವವರು ಯಾರೂ ಇಲ್ಲ. ಫೋನಿನ ಕವಚದೊಳಗೆ ಮಡಚಿಟ್ಟಿದ್ದ ಐದು ಯೂರೊ ನೋಟನ್ನು ಡಬ್ಬಿಗೆ ತೂರಿಸಿ ಒಂದು ಪೆಟ್ಟಿಗೆ ತೆಗೆದುಕೊಂಡೆ. ಹೇಗೂ ಓಡುವಂತಿರಲಿಲ್ಲ. ಅಂದಿನಿಂದ ಸೊಂಟದ ಚೀಲದಲ್ಲಿ ತೆಳುವಾದ ಗಾಳಿಯಂಗಿ ಮತ್ತು ಒಂದು ನೋಟು ಇಲ್ಲದೆ ನಾನು ಆ ಸುತ್ತಿಗೆ ಇಳಿದಿಲ್ಲ. ಇಷ್ಟಾದರೂ ದಾರಿಯ ಮೇಲೆ ನನಗೆ ಸಿಟ್ಟಿಲ್ಲ. ಅರ್ಧದಲ್ಲಿ ಬಿಟ್ಟು ಬರಲಾಗದ ದಾರಿಯೇ ನನ್ನಂಥ ಸೋಮಾರಿಗೆ ಬೇಕಾಗಿರುವುದು.

ಬೇಮ್‌ಸ್ಟರ್ ಇದಕ್ಕೆ ಪೂರ್ತಿ ತದ್ವಿರುದ್ಧ. ಅದು ಆಮ್‌ಸ್ಟರ್‌ಡ್ಯಾಮಿನ ಉತ್ತರಕ್ಕೆ, 1612ರಲ್ಲಿ ಗಾಳಿಯಂತ್ರಗಳಿಂದ ನೀರೆತ್ತಿ ಒಣಗಿಸಿದ ಸರೋವರದ ತಳ. 1999ರಲ್ಲಿ ಯುನೆಸ್ಕೊ ವಿಶ್ವ ಪರಂಪರೆಯ ಪಟ್ಟಿಗೆ ಸೇರಿತು. ಸಮುದ್ರಮಟ್ಟಕ್ಕಿಂತ ಸುಮಾರು ಮೂರೂವರೆ ಮೀಟರ್ ಕೆಳಗಿರುವ ಆ ನೆಲವನ್ನು ಚದುರಂಗದ ಮಣೆಯಂತೆ ಗೆರೆ ಹೊಡೆದು ಹಂಚಿದ್ದಾರೆ. 180 ಮೀಟರ್ ಅಗಲ, 900 ಮೀಟರ್ ಉದ್ದದ ಐದು ತುಂಡು ಸೇರಿ ಒಂದು ಚೌಕ, ಅಂಥ ನಾಲ್ಕು ಸೇರಿ ದೊಡ್ಡ ಚೌಕ. ಲೆಕ್ಕದ ಪ್ರಕಾರ ದೊಡ್ಡ ಚೌಕವನ್ನು ಸುತ್ತಿದರೆ 7.2 ಕಿಲೋಮೀಟರು. ಕಾಲು ನೋಯತೊಡಗಿತೆಂದರೆ ಮುಂದಿನ ಅಡ್ಡರಸ್ತೆಯಲ್ಲಿ ತಿರುಗಿಕೊಂಡರಾಯಿತು. ವೇಗದ ಅಭ್ಯಾಸಕ್ಕೆ, ಹೊಸದಾಗಿ ಓಡಲು ತೊಡಗಿದವರಿಗೆ, ಗಾಯದಿಂದ ಚೇತರಿಸಿಕೊಳ್ಳುತ್ತಿರುವವರಿಗೆ ಇದಕ್ಕಿಂತ ಅನುಕೂಲದ ದಾರಿಯನ್ನು ನಾನು ಕಂಡಿಲ್ಲ ಎಂಬುದನ್ನು ಒಪ್ಪಿಕೊಳ್ಳುತ್ತೇನೆ. ಪಿರಮಿಡ್ಡಿನಂಥ ಮಾಡಿನ ಹಳೆಯ ತೋಟದ ಮನೆಗಳೂ ಸೊಗಸಾಗಿವೆ.

ಆದರೆ ನನಗೆ ಅಲ್ಲಿ ಬೇಸರವಾಗುತ್ತದೆ. ಸಾಲುಮರಗಳ ನಡುವೆ ನೇರ ರಸ್ತೆಯ ಕೊನೆಯಲ್ಲಿ ಅಡ್ಡರಸ್ತೆ ಕಾಣುತ್ತದೆ, ಓಡುತ್ತೇನೆ, ಅದು ಕಂಡಲ್ಲೇ ಇರುತ್ತದೆ. ಎದುರುಗಾಳಿಯಿದ್ದರೆ ಆ ರಸ್ತೆ ಮುಗಿಯುವವರೆಗೆ ಬಿಡುವಿಲ್ಲದೆ ಎದೆಗೇ ಬಡಿಯುತ್ತದೆ. ಶರತ್ಕಾಲದಲ್ಲಿ ಆಲೂಗಡ್ಡೆ ಕೀಳುವ ಹೊತ್ತಿಗೆ ಟ್ರಾಕ್ಟರಿನ ಗಾಲಿಗಳು ಜೇಡಿಮಣ್ಣನ್ನು ರಸ್ತೆಗೆ ತಂದು ಬಳಿದಿರುತ್ತವೆ. ನನ್ನ ಟ್ರೇಲ್ ಶೂ ತನ್ನ ಬೆಲೆಗೆ ತಕ್ಕ ಕೆಲಸ ಮಾಡಿದ್ದು ಆ ಒಂದೇ ಭಾನುವಾರ. ಎಲ್ಲಕ್ಕಿಂತ ಮುಖ್ಯವಾಗಿ, ನಾನಿರುವ ಆಮ್‌ಸ್ಟೆಲ್‌ವೀನ್‌ನಿಂದ ಅಲ್ಲಿಗೆ ಹೋಗಲು ಎರಡು ಕಡೆ ವಾಹನ ಬದಲಿಸಬೇಕು, ಹೋಗಿ ಬರಲು ಹತ್ತು ಯೂರೊಗಿಂತ ಹೆಚ್ಚು ಖರ್ಚು. ಓಡಲು ಟಿಕೆಟ್ ಕೊಳ್ಳುವುದು ನನ್ನ ಮನಸ್ಸಿಗೆ ಇಂದಿಗೂ ಒಗ್ಗಿಲ್ಲ.

ವಾಟರ್‌ಲ್ಯಾಂಡ್ ನೋಡಲು ಮೂರರಲ್ಲಿ ಅತ್ಯಂತ ಚೆಲುವಾದದ್ದು. ಡರ್ಗರ್‌ಡಮ್‌ನ ಏರಿಯುದ್ದಕ್ಕೂ ನಿಂತ ಮರದ ಮನೆಗಳು, ರಾನ್ಸ್‌ಡಾರ್ಪ್‌ನ ಮೊಟಕು ಗೋಪುರ, ಆಚೆಗೆ ರಸ್ತೆಯೇ ಮುಗಿದುಹೋಗುವ ಹೋಲಿಸ್ಲೋಟ್. ಏರಿ ಅಲ್ಲಲ್ಲಿ ಕಾರಣವಿಲ್ಲದೆ ಬಾಗಿದಂತೆ ಕಾಣುತ್ತದೆ. ಹಿಂದೆ ಏರಿ ಒಡೆದಾಗ ನುಗ್ಗಿದ ನೀರು ಕೊರೆದ ಆಳದ ಮಡುಗಳನ್ನು ಮುಚ್ಚಲಾಗದೆ, ಅವುಗಳನ್ನು ಬಳಸಿ ಹೊಸ ಏರಿ ಕಟ್ಟಿದ್ದರಿಂದ ಬಂದ ಬಾಗುಗಳವು. 1916ರ ಜನವರಿಯ ಪ್ರವಾಹದಲ್ಲಿ ಈ ಸೀಮೆಯೆಲ್ಲ ಮುಳುಗಿತ್ತು. ಆ ಪೆಟ್ಟಿನ ಬಳಿಕವೇ ಸರ್ಕಾರ ಏರಿಯಾಚೆಗಿದ್ದ ಜೌಡರ್‌ಜೀ ಎಂಬ ಒಳಸಮುದ್ರದ ಬಾಯಿ ಮುಚ್ಚುವ ತೀರ್ಮಾನ ಮಾಡಿ, 1932ರಲ್ಲಿ ದೊಡ್ಡ ಅಡ್ಡಕಟ್ಟೆಯನ್ನು ಮುಗಿಸಿತು. ಊರಿನಿಂದ ಬಂದ ಅತಿಥಿಗಳನ್ನು ನಾನು ಕರೆದೊಯ್ಯುವುದು ಇಲ್ಲಿಗೇ, ಆದರೆ ಸೈಕಲ್ಲಿನಲ್ಲಿ. ಓಟಕ್ಕಾದರೆ, ಆಮ್‌ಸ್ಟರ್‌ಡ್ಯಾಮಿನ ಮುಖ್ಯ ರೈಲು ನಿಲ್ದಾಣದ ಹಿಂದಿನಿಂದ ಹೊರಡುವ ಉಚಿತ ಫೆರ್ರಿ ಇಳಿದ ಮೇಲೂ ಪಟ್ಟಣ ದಾಟಲು ಐದಾರು ಕಿಲೋಮೀಟರು ಬೇಕು. ಬಿಸಿಲಿರುವ ಭಾನುವಾರ ಕಿರಿದಾದ ಏರಿಯ ಮೇಲೆ ಕಾರು, ಮೋಟಾರು ಸೈಕಲ್ಲು, ವಿಹಾರಕ್ಕೆ ಬಂದ ಜನ ಎಲ್ಲ ಒಟ್ಟಿಗೆ ಸೇರಿರುತ್ತಾರೆ.

ಸೈಕಲ್ ಪಂದ್ಯದ ಉಡುಪು ತೊಟ್ಟವರ ಗುಂಪುಗಳು ರೊಂಡೆ ಹೂಪ್‌ನಲ್ಲೂ ಇವೆ. ಬೆಳಿಗ್ಗೆ ಎಂಟಕ್ಕೆ ಮೊದಲು ಹೊರಟರೆ ಅವರ ಕಾಟವಿಲ್ಲ. ಶೌಚಾಲಯ ಮೂರು ಕಡೆಯೂ ಇಲ್ಲ. ಫೆಬ್ರವರಿ ಮಧ್ಯದಿಂದ ಹುಲ್ಲುಗಾವಲಿಗೆ ಗಂಜಲ ಸಗಣಿಯ ರಾಡಿ ಉಣಿಸಲು ಶುರು ಮಾಡುತ್ತಾರೆ, ವಾಸನೆ ಕಟುವಾಗಿರುತ್ತದೆ, ಕೊಟ್ಟಿಗೆ ಕಂಡವರಿಗೆ ತೊಂದರೆಯಾಗದು.

ಇನ್ನು ಗಾಳಿ. ಈ ದೇಶದಲ್ಲಿ ಏರುದಾರಿಯ ಕೆಲಸವನ್ನು ಗಾಳಿ ಮಾಡುತ್ತದೆ. ಅದು ಹೆಚ್ಚಾಗಿ ನೈಋತ್ಯದಿಂದ ಬೀಸುವುದರಿಂದ, ಔಡರ್‌ಕೆರ್ಕ್‌ನಿಂದ ಹೊರಟವರು ಮೊದಲು ಆಮ್‌ಸ್ಟೆಲ್ ನದಿಯ ಬದಿ ಹಿಡಿದು ದಕ್ಷಿಣಕ್ಕೆ ಓಡಬೇಕು. ಕಾಲಲ್ಲಿ ಕಸುವಿರುವಾಗಲೇ ಎದುರುಗಾಳಿ ಮುಗಿಯುತ್ತದೆ, ತಳದ ತಿರುವು ದಾಟಿದ ಮೇಲೆ ಅದೇ ಗಾಳಿ ಬೆನ್ನು ಹಿಡಿದು ಮುಂದಕ್ಕೆ ತಳ್ಳುತ್ತದೆ. ಅಂದರೆ ಪೋಲ್ಡರನ್ನು ಅಪ್ರದಕ್ಷಿಣೆಯಾಗಿ ಸುತ್ತಬೇಕು. ವಿಡಿಯೊ ಕರೆಯಲ್ಲಿ ನಕ್ಷೆ ತೋರಿಸಿದಾಗ ಅಮ್ಮ, “ಅದ್ಯಾಕೋ ಉಲ್ಟಾ ಸುತ್ತುತೀಯ, ಸುತ್ತೋದಾದ್ರೆ ನೆಟ್ಟಗೆ ಸುತ್ತಬಾರ್ದಾ?” ಎಂದು ಕೇಳಿದ್ದರು. ಗಾಳಿಯ ಲೆಕ್ಕ ಅವರಿಗೆ ಒಪ್ಪಿಗೆಯಾಗಲಿಲ್ಲ.

ಮನೆಯಿಂದ ಔಡರ್‌ಕೆರ್ಕ್‌ಗೆ ಸೈಕಲ್ಲಿನಲ್ಲಿ ಇಪ್ಪತ್ತು ನಿಮಿಷ, ಖರ್ಚು ಸೊನ್ನೆ. ಹತ್ತು ಗಂಟೆಯೊಳಗೆ ಮನೆಗೆ ಬಂದು ಮಕ್ಕಳಿಗೆ ದೋಸೆ ಹೊಯ್ಯಬೇಕಾದ ನನಗೆ ಬೇರೆ ಲೆಕ್ಕವೇ ಬೇಡ. ಪುರ್ಮರೆಂಡ್ ಕಡೆ ಮನೆಯಿರುವವರು ಬೇಮ್‌ಸ್ಟರನ್ನೇ ಓಡಲಿ, ಅವರಿಗೆ ಅದು ಬಾಗಿಲಲ್ಲೇ ಇದೆ. ಈ ಭಾನುವಾರ ಗಾಳಿ ಆಗ್ನೇಯದಿಂದ ಬೀಸುತ್ತದೆ ಎಂದು ಮುನ್ಸೂಚನೆಯಿದೆ. ಅಪರೂಪಕ್ಕೊಮ್ಮೆ ಪ್ರದಕ್ಷಿಣೆಯಾಗಿಯೇ ಓಡಬೇಕಾಗುತ್ತದೆ. ಅಮ್ಮನಿಗೆ ಆಗಲೇ ಫೋನ್ ಮಾಡಿ ತಿಳಿಸಿದ್ದೇನೆ.